ಗೌರಿ ನನಗೆ, ಗಣೇಶ ಅವರಿಗೆ

ಡೈವೋರ್ಸ್ ಆದಮೇಲೆ ಮನೆಯಲ್ಲಿ ನಗುವೇ ಇರುವುದಿಲ್ಲ ಅಂತ ಎಲ್ಲರೂ ಹೆದರಿಸಿದ್ದರು. ನಾನು ಅಮೆರಿಕದ ಮಿಲ್ಪಿಟಾಸ್‌ನಲ್ಲಿ, ಮೊದಲು 'ನಮ್ಮವರು' ಆಗಿದ್ದು ಈಗ 'ಮಗಳ ಅಪ್ಪ' ಆಗಿರುವವರು ಹೇವರ್ಡ್‌ನಲ್ಲಿ, ನಡುವೆ ಒಂದು ಫ್ರೀವೇ, ವಾರಕ್ಕೊಮ್ಮೆ ಬ್ಯಾಗು ಹೊತ್ತು ಅತ್ತಿಂದಿತ್ತ ಓಡಾಡುವ ಮಗಳು. ಇಷ್ಟಿದ್ದರೆ ಸಾಕು, ಏನಾದರೊಂದು ಆಗುತ್ತಲೇ ಇರುತ್ತೆ.

ಹಬ್ಬ ಹಂಚಿಕೆ

ಮಗು ಯಾವ ಹಬ್ಬಕ್ಕೆ ಯಾರ ಮನೆಯಲ್ಲಿ ಎಂದು ತೀರ್ಮಾನಿಸಲು ಕೋರ್ಟಿನವರು ಒಬ್ಬ ಮೀಡಿಯೇಟರಮ್ಮನ ಮುಂದೆ ನಮ್ಮನ್ನು ಕೂರಿಸಿದ್ದರು.

"ಥ್ಯಾಂಕ್ಸ್‌ಗಿವಿಂಗು?"

"ಅವರೇ ಇಟ್ಕೊಳ್ಳಲಿ" ಅಂದೆ.

"ಕ್ರಿಸ್‌ಮಸ್ಸು?"

"ಅವಳೇ ಇಟ್ಕೊಳ್ಳಲಿ" ಅಂದರು ಅವರು.

ಇಷ್ಟು ಒಳ್ಳೆಯ ಜೋಡಿ ಯಾಕಪ್ಪಾ ಬೇರೆಯಾಯಿತು ಅನ್ನೋ ಹಾಗೆ ಆಕೆ ನೋಡಿದರು. ಗೌರಿ-ಗಣೇಶ ಬಂತು ನೋಡಿ, ಇಬ್ಬರೂ ಕುರ್ಚಿಯ ತುದಿಗೆ ಬಂದೆವು. ಅರ್ಧ ಗಂಟೆ ಜಗಳ. ಕೊನೆಗೆ ಆಕೆ, "ಇದು ಒಂದು ಹಬ್ಬವೋ ಎರಡೋ?" ಅಂದರು.

"ಮೊದಲ ದಿನ ತಾಯಿ ಗೌರಿ ಬರ್ತಾಳೆ, ಮರುದಿನ ಮಗ ಗಣೇಶ ಬರ್ತಾನೆ" ಅಂತ ವಿವರಿಸಿದೆ.

ಗೌರಿ ನನಗೆ, ಗಣೇಶ ಅವರಿಗೆ ಎಂದು ಬರೆದುಕೊಂಡು ಆಕೆ ಬಹಳ ಕನಿಕರದಿಂದ ಕೇಳಿದರು: "ತಾಯಿ ಮಗ ಬೇರೆ ಬೇರೆ ಬರೋದಾದರೆ, ಅವರ ಮನೇಲೂ ಕಸ್ಟಡಿ ಆರ್ಡರ್ ಆಗಿದೆಯಾ?"

ಅಳಿಯ ಯಾರವನು?

ನಮ್ಮಮ್ಮ ಮಂಡ್ಯದಿಂದ ಆರು ತಿಂಗಳಿಗೆ ಬಂದಿದ್ದರು. ಶುಕ್ರವಾರ ಸಂಜೆ ಮಗಳನ್ನು ಕರೆದೊಯ್ಯಲು ಅವಳ ಅಪ್ಪ ಬರುತ್ತಾರೆ. ಮಗುವನ್ನು ಮನೆಯ ಹೊರಗೇ ಒಪ್ಪಿಸಬೇಕು ಅಂತ ಆರ್ಡರ್‌ನಲ್ಲಿದೆ. ಆದರೆ ಅಮ್ಮ ಬಾಗಿಲು ತೆಗೆದವರೇ, "ಬನ್ನಿ ಅಳಿಯಂದ್ರೇ, ಕೈಕಾಲು ತೊಳ್ಕೊಳ್ಳಿ, ಉಪ್ಪಿಟ್ಟು ಬಿಸಿಯಾಗಿದೆ" ಅನ್ನೋದೇ! ಅವರು ನನ್ನ ಮುಖ ನೋಡಿದರು, ಉಪ್ಪಿಟ್ಟಿನ ವಾಸನೆ ಹಿಡಿದರು, ಒಳಗೆ ಬಂದರು.

ಹೋದಮೇಲೆ ರೇಗಿದೆ. "ಅಮ್ಮಾ, ಅವರು ಈಗ ಅಳಿಯ ಅಲ್ಲ."

"ನಿನ್ನ ಗಂಡ ಅಲ್ಲ ಅಂತ ತಾನೇ ಜಡ್ಜು ಹೇಳಿರೋದು? ನನ್ನ ಅಳಿಯ ಅಲ್ಲ ಅಂತ ಎಲ್ಲಿ ಬರೆದಿದೆ, ಪೇಪರ್ ತೋರಿಸು."

ಆರ್ಡರ್ ತೆಗೆದು ಪೂರ್ತಿ ಓದಿದೆ. ಎಲ್ಲೂ ಬರೆದಿರಲಿಲ್ಲ.

ಎರಡು ಏಟು

ಮಗಳ ವಿಷಯ ನಾವಿಬ್ಬರೂ ಒಂದು ಆ್ಯಪ್‌ನಲ್ಲೇ ಬರೆಯಬೇಕು. ಅಲ್ಲಿ ಬರೆದದ್ದೆಲ್ಲ ಇಂಗ್ಲಿಷಿಗೆ ಅನುವಾದವಾಗಿ ನನ್ನ ಲಾಯರ್‌ಗೂ ಕಾಣುತ್ತೆ. ನಾನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುತ್ತೇನೆ. ಒಂದು ದಿನ 'ಮಗಳಿಗೆ ಎರಡು ಹಿಟ್ಟು ಕೊಟ್ಟೆ' ಅಂತ ಬರೆದೆ. ನಮ್ಮ ಕಡೆ ಮುದ್ದೆಗೆ ಹಿಟ್ಟು ಅಂತಲೇ ಅನ್ನೋದು. ಫೋನು ಅದನ್ನು ತಾನೇ ತಿದ್ದಿ 'ಹಿಟ್' ಮಾಡಿಬಿಟ್ಟಿತು. ಅಂದರೆ ಏಟು.

ಲಾಯರಮ್ಮ ಗಾಬರಿಯಾಗಿ ಫೋನ್ ಮಾಡಿದರು. "ಮಗುವಿಗೆ ಎರಡು ಏಟು ಕೊಟ್ಟೆ ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ!"

"ಏಟಲ್ಲ ಮೇಡಂ, ರಾಗಿ ಉಂಡೆ. ಇಷ್ಟು ದಪ್ಪ."

"ಓ, ಊಟ. ಅಗಿದು ತಿಂತಾಳೆ ತಾನೇ?"

"ಇಲ್ಲ, ಅಗಿಯಬಾರದು. ಹಾಗೇ ನುಂಗಿಸ್ತೀವಿ."

ಆ ಕಡೆ ಪೆನ್ನು ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ, "ದಯವಿಟ್ಟು ಇದನ್ನಂತೂ ಎಲ್ಲೂ ಬರೀಬೇಡಿ" ಅಂದರು.

ಮಗಳ ತೀರ್ಪು

ಹೋದ ವರ್ಷ ಮಗಳ ಅಪ್ಪನಿಗೆ ದೂರದ ಸಿಯಾಟಲ್‌ನಲ್ಲಿ ದೊಡ್ಡ ಕೆಲಸ ಸಿಕ್ಕಿತು. ರಜೆಯಲ್ಲೆಲ್ಲ ಮಗಳು ತಮ್ಮ ಜೊತೆ ಅಲ್ಲೇ ಇರಲಿ ಅಂತ ಕೋರ್ಟಿಗೆ ಅರ್ಜಿ ಹಾಕಿದರು. ನಾನು ಒಪ್ಪಲಿಲ್ಲ. ಮತ್ತೆ ಮುಖ ಊದಿಸಿಕೊಂಡೆವು. ಹತ್ತು ವರ್ಷದ ಮಗಳ ಜೊತೆಯೇ ಮಾತಾಡುತ್ತೇನೆ ಅಂತ ಕೋರ್ಟಿನ ಕೌನ್ಸಿಲರ್ ಅವಳನ್ನು ಒಳಗೆ ಕರೆದುಕೊಂಡು ಹೋದರು. ಕಾರಿಡಾರಿನ ಬೆಂಚಿನ ಎರಡು ತುದಿಯಲ್ಲಿ ನಾವಿಬ್ಬರು. ಯಾರ ಹೆಸರು ಹೇಳಿಬಿಡ್ತಾಳೋ ಅಂತ ನಾನು ಗೋಡೆಯ ನೋಟೀಸನ್ನು ನಾಲ್ಕು ಸಲ ಓದಿದೆ. ಅವರು ಶೂ ಲೇಸನ್ನು ಮೂರು ಸಲ ಕಟ್ಟಿದರು.

ಕೌನ್ಸಿಲರ್ ನಗುತ್ತಾ ಹೊರಗೆ ಬಂದರು. "ನಿಮ್ಮ ಮಗಳು ಯಾರ ಹೆಸರೂ ಹೇಳಲಿಲ್ಲ. 'ಕಸ್ಟಡಿ ಇರೋದು ನನ್ನ ಹತ್ರ. ಅಪ್ಪ ಕಾರ್ ಕೀ ಫ್ರಿಜ್ಜಲ್ಲಿ ಇಡ್ತಾರೆ, ಅಮ್ಮ ಮೀಟಿಂಗಲ್ಲಿ ಊಟ ಮರೀತಾಳೆ. ಇಬ್ಬರನ್ನೂ ನಾನೇ ವಾರ ವಾರ ನೋಡ್ಕೋಬೇಕು. ಅಪ್ಪ ದೂರ ಹೋದರೆ ನೋಡ್ಕೊಳ್ಳೋರು ಯಾರು? ಅದಕ್ಕೇ ರಿಕ್ವೆಸ್ಟ್ ಡಿನೈಡ್' ಅಂದಳು. ಇದನ್ನು ನಿಮಗೆ ಹೇಳಬೇಕಂತೆ, ಅವಳದೇ ಅಪ್ಪಣೆ."

ನನಗೆ ಎದೆ ಉಬ್ಬಿಬಂತು. ಒಂದು ಸಂಸಾರ ಮುರಿದರೂ ಎಂಥ ಮಗಳನ್ನು ಬೆಳೆಸಿದ್ದೀವಿ! ಅವರ ಕಡೆ ನೋಡಿದೆ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಅಲ್ಲೇ ನಿಂತು ಸಿಯಾಟಲ್‌ಗೆ ಫೋನ್ ಮಾಡಿ, ಬರುವುದಿಲ್ಲ ಅಂದುಬಿಟ್ಟರು.

ಅಷ್ಟರಲ್ಲಿ ಮಗಳು ಹೊರಗೆ ಬಂದಳು. ಅವಳಪ್ಪ ಮಂಡಿಯೂರಿ ಕೂತು ಕೇಳಿದರು: "ಯುವರ್ ಆನರ್, ನಿಮಗೆ ಹದಿನೆಂಟು ತುಂಬಿದ ಮೇಲಾದರೂ ನಾನು ಹೋಗಬಹುದಾ?"

ಅವಳು ಯೋಚಿಸಿ ಅಂದಳು: "ಅಪ್ಲೈ ಮಾಡಬಹುದು. ಗ್ರಾಂಟ್ ಆಗುತ್ತೆ ಅಂತ ನಾನು ಹೇಳಿಲ್ಲ."