ಬಿಜಲಿಯ ವಾರಸುದಾರ

ಬೇರೆಯವರ ಸಾವಿನ ಮಾತಾಡಿ ಹೊಟ್ಟೆ ಹೊರೆದುಕೊಂಡವನು ನಾನು. ಗಾಬರಿಯಾಗಬೇಡಿ, ಜೀವವಿಮೆಯ ಏಜೆಂಟ. ಗದಗ-ಬೆಟಗೇರಿಯಲ್ಲಿ ನಾನು ಎದುರಿಗೆ ಬಂದರೆ ಪರಿಚಯದವರು ಓಣಿ ಬದಲಿಸುತ್ತಿದ್ದರು. ತಪ್ಪಿಸಿಕೊಳ್ಳಲಾಗದೆ ಸಿಕ್ಕವರಿಗೆ, ಚಹಾ ಬರುವುದರೊಳಗೆ, "ಒಂದು ವ್ಯಾಳ್ಯಾ ನಾಳಿ ನೀವು ಇಲ್ಲಾ ಅಂತ ಇಟ್ಕೋರಿ, ಮನಿಯವ್ರ ಗತಿ ಏನು?" ಎಂದು ಕೇಳಿಬಿಡುತ್ತಿದ್ದೆ. ಅಂಥ ಮಾತು ಕೇಳಿದ ಮೇಲೂ ಚಹಾ ಕೊಡುತ್ತಿದ್ದರಲ್ಲ, ಅದು ನಮ್ಮ ಕಡೆಯ ಜನರ ದೊಡ್ಡಗುಣ. ಮದುವೆಗೆ ನನ್ನನ್ನು ಕರೆಯುವವರು ಕಡಿಮೆಯಾಗಿದ್ದರು. ಕರೆದರೂ ಪಂಕ್ತಿಯಲ್ಲಿ ವಯಸ್ಸಾದವರ ಪಕ್ಕಕ್ಕೆ ಕೂಡಿಸುತ್ತಿರಲಿಲ್ಲ.

ಈ ಮಾತನ್ನು ನನ್ನ ಗಿರಾಕಿಗಳಿಗಿಂತ ಹೆಚ್ಚು ಸಲ ಕೇಳಿದವರು ಟಾಂಗಾದ ಇಮಾಮಸಾಬರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಸ್ಟೇಶನ್ನಿನ ಮುಂದೆ ಆಟೋರಿಕ್ಷಾಗಳು ಬಂದಿದ್ದವು. ಆದರೆ ಆಟೋದಲ್ಲಿ ನನ್ನ ಮಾತು ಮುಗಿಯುವುದರೊಳಗೆ ಊರೇ ಮುಗಿದುಹೋಗುತ್ತಿತ್ತು. ಟಾಂಗಾದಲ್ಲಿ ಗಿರಾಕಿಯನ್ನು ಪಕ್ಕಕ್ಕೆ ಕೂಡಿಸಿಕೊಂಡರೆ ಅವನ ಸಾವನ್ನು ಸಾವಕಾಶವಾಗಿ ವಿವರಿಸಬಹುದಿತ್ತು. ಕುದುರೆಯ ಹೆಸರು ಬಿಜಲಿ. ನಮ್ಮ ಬೆಟಗೇರಿಯ ಕರೆಂಟಿನ ಹಾಗೆ ಯಾವಾಗ ನಿಂತುಬಿಡುತ್ತಾಳೋ ಯಾರಿಗೂ ತಿಳಿಯುತ್ತಿರಲಿಲ್ಲ. ನಿಂತ ಮೇಲೆ ಇಮಾಮಸಾಬರು ಒಮ್ಮೆ ಕೆಮ್ಮಿದರೆ ಮಾತ್ರ ಹೊರಡುತ್ತಿದ್ದಳು. ಅವರಿಗೆ ಮೊದಲಿನಿಂದಲೂ ಕೆಮ್ಮು. ಬರಬರುತ್ತ ಅದು ಹೆಚ್ಚಾಗಿ, ಬಿಜಲಿ ನಿಲ್ಲುವುದೇ ಕಡಿಮೆಯಾಯಿತು.

ಒಂದು ಚಳಿಗಾಲ ಅವರ ಜೊತೆಗಾರ ಟಾಂಗಾದವನೊಬ್ಬ ತೀರಿಕೊಂಡ. ಅವನ ಕುದುರೆ ಬೇರೆ ಯಾರ ಕೈಯ ಹುರುಳಿಗೂ ಬಾಯಿ ಹಚ್ಚಲಿಲ್ಲ. ಮನೆಯವರು ಬೆಲ್ಲ ತಿನ್ನಿಸಲು ನೋಡಿದರು, ಮೈ ಸವರಿದರು. ಅದು ನಿಂತಲ್ಲೇ ಸೊರಗಿ ಧಣಿಯ ಹಿಂದೆಯೇ ಹೋಯಿತು. ಅದಾದ ಮೇಲೆ ಒಂದು ಮುಂಜಾನೆ ಇಮಾಮಸಾಬರು ಲಗಾಮು ಹಿಡಿದುಕೊಂಡೇ ನನ್ನ ಕಡೆ ತಿರುಗಿದರು.

"ಏಜೆಂಟ್ರ, ಎಲ್ಲಾರಿಗೂ ಹೇಳ್ತೀರಲ್ಲಾ, ಇವತ್ತ ನನಗ ಹೇಳ್ರಿ. ನಾಳಿ ನಾ ಇಲ್ಲಂದ್ರ ಇಕಿ ಗತಿ ಏನು?"

ನನ್ನ ಪ್ರಶ್ನೆಯನ್ನು ನನಗೇ ಯಾರೂ ಕೇಳಿರಲಿಲ್ಲ. ನಿಮ್ಮ ಹೆಸರಿಗೆ ಒಂದು ಪಾಲಿಸಿ ಮಾಡಿಸಿದರೆ ರೊಕ್ಕ ಬರುತ್ತದೆ ಎಂದು ತೊದಲಿದೆ. "ರೊಕ್ಕಾ ತಿಂತಾಳೇನ್ರಿ ಇಕಿ?" ಎಂದು ಅವರು ಮುಂದೆ ನೋಡತೊಡಗಿದರು.

ವಾರಸುದಾರನನ್ನು ಹುಡುಕುವುದು ಕಷ್ಟವಿರಲಿಲ್ಲ. ಅವರ ತಮ್ಮನ ಮಗ ದಾವಲಸಾಬ ಅರಳೆ ಮಿಲ್ಲಿನಲ್ಲಿ ಅಂಡಿಗೆ ಹೊತ್ತು ಬೇಸತ್ತಿದ್ದ, ಸಂಸಾರಸ್ಥ, ಕುಡಿಯುವವನಲ್ಲ. ಕೊಡುವವರು ಒಪ್ಪಿದ್ದರು, ತೆಗೆದುಕೊಳ್ಳುವವನೂ ಒಪ್ಪಿದ್ದ. ಬಿಜಲಿಯೊಬ್ಬಳು ಒಪ್ಪಿರಲಿಲ್ಲ. ದಾವಲಸಾಬ ಹುರುಳಿ ಹಿಡಿದು ಬಂದರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ಕೊನೆಗೆ ಇಮಾಮಸಾಬರು, ತಾವು ಬದುಕಿರುವಾಗಲೇ ಒಮ್ಮೆ ಸತ್ತು ನೋಡುವುದು ಒಳ್ಳೆಯದೆಂದು ತೀರ್ಮಾನಿಸಿದರು. "ನಾ ಇಲ್ಲಾ ಅಂತ ತಿಳ್ಕೋರಿ" ಎಂದು ಒಳಕೋಣೆಯ ಬಾಗಿಲು ಹಾಕಿಕೊಂಡು ಮಲಗಿದರು. ಕುದುರೆಗೆ ಅವರ ದನಿ ಕೇಳಬಾರದು, ವಾಸನೆ ಬರಬಾರದು, ದಾವಲಸಾಬನೇ ಎಲ್ಲ ನೋಡಿಕೊಳ್ಳಬೇಕು. ಅವರ ಹೆಂಡತಿ ಫಾತಿಮಾಬಿಗೆ ಸಿಟ್ಟು ಬಂದಿತ್ತು. "ಖರೇನ ಸತ್ತವರು ತಾಸಿಗೊಮ್ಮೆ ಚಾ ಕೇಳಂಗಿಲ್ರಿ" ಎಂದು ನನ್ನ ಮುಂದೆ ದೂರಿದರು. ಚಹಾ ಬಿಟ್ಟರೂ ಕೆಮ್ಮು ಬಿಡಬೇಕಲ್ಲ. ತಲೆದಿಂಬಿನಲ್ಲಿ ಮುಖ ಹುದುಗಿಸಿ ಕೆಮ್ಮಿದರೂ ಅತ್ತ ಕಡೆ ಬಿಜಲಿ ಕಿವಿ ನಿಮಿರಿಸಿ, ಹೊರಡಲು ಹಗ್ಗ ಜಗ್ಗುತ್ತಿದ್ದಳು.

ಹಾಗಾಗಿ ಸಾಯುವ ಕೆಲಸವನ್ನು ಲಕ್ಷ್ಮೇಶ್ವರದ ಮಗಳ ಮನೆಗೆ ಸಾಗಿಸಲಾಯಿತು. ಶಿರಹಟ್ಟಿ, ಲಕ್ಷ್ಮೇಶ್ವರ, ಶಿಗ್ಲಿ ಎಲ್ಲ ನನ್ನ ತಿರುಗಾಟದ ಊರುಗಳೇ ಆದ್ದರಿಂದ ಖಬರು ಮುಟ್ಟಿಸುವವನು ನಾನಾದೆ. ಮೊದಲ ಸಲ ಹೋದಾಗ, "ಏನೂ ತಿನ್ನವಲ್ಲಳು, ಬಾಗಲಾ ನೋಡ್ಕೋತ ನಿಂತಾಳ" ಎಂದೆ. "ತಿನ್ನವಲ್ಲಳಾ? ಪಾಪ" ಎಂದರು. ಆದರೆ ಮುಖ ಅರಳಿತ್ತು. ಮಗಳನ್ನು ಕರೆದು ನನಗೆ ಒಗ್ಗರಣೆ ಮಂಡಕ್ಕಿ ಕೊಡಿಸಿದರು. ಮುಂದಿನ ಸಲ, "ಒಂದೀಟು ಬಾಯಿ ಹಚ್ಚ್ಯಾಳ" ಎಂದೆ. "ಹಚ್ಚಲಿ" ಎಂದರು. ಅದರ ಮುಂದಿನ ಸಲ, "ಬುಟ್ಟಿ ತಳ ಕಾಣೂ ಹಂಗ ತಿಂದಾಳ, ದಾವಲಸಾಬ ಶಿಳ್ಳಿ ಹಾಕಿದ್ರ ಹೊಂಡ್ತಾಳ" ಎಂದೆ. "ಭಾಳ ಚಲೋ ಆತು" ಎಂದು ಗೋಡೆ ನೋಡುತ್ತ ಕುಳಿತರು. ಆ ದಿನ ಮಂಡಕ್ಕಿ ಬರಲಿಲ್ಲ.

ಹೊರಡುವಾಗ ಅವರೂ ಚೀಲ ಹಿಡಿದು ನನ್ನ ಹಿಂದೆ ಬಂದರು. "ನಡ್ರಿ, ಒಂದ್ಸಲ ಪರೀಕ್ಷಾ ಮಾಡಿ ನೋಡೂಣು." ಗದಗಿನಲ್ಲಿ ಬಸ್ಸಿಳಿದಾಗ ದಾವಲಸಾಬನ ಟಾಂಗಾ ನಿಂತಿತ್ತು. ಮಾತಾಡಬೇಡ ಎಂದು ಅವನಿಗೆ ಕೈಸನ್ನೆ ಮಾಡಿ, ಇಮಾಮಸಾಬರು ನನ್ನ ಜೊತೆ ಹಿಂದಿನ ಸೀಟು ಹತ್ತಿದರು. ತಮ್ಮದೇ ಟಾಂಗಾದಲ್ಲಿ ಅವರು ಹಿಂದೆ ಕುಳಿತದ್ದು ಅದೇ ಮೊದಲು. ದಾರಿಯಲ್ಲಿ ಕೆಮ್ಮು ತಡೆಯಲಾಗಲಿಲ್ಲ. ಬಿಜಲಿಯ ಕಿವಿ ಒಮ್ಮೆ ಹಿಂದಕ್ಕೆ ತಿರುಗಿತು. ದಾವಲಸಾಬ ಶಿಳ್ಳೆ ಹಾಕಿದ. ಕಿವಿ ಮುಂದಕ್ಕೆ ಹೋಯಿತು. ಮನೆಯ ಮುಂದೆ ಇಳಿದು ಅವರು ಅಂಗೈಯನ್ನು ಅವಳ ಮೂಗಿಗೆ ಹಿಡಿದರು. ಮೂಸಿದಳು, ತುಟಿಯಿಂದ ಸ್ವಲ್ಪ ಸವರಿದಳು, ಆಮೇಲೆ ದಾವಲಸಾಬನ ಕೈಯಲ್ಲಿದ್ದ ಹುರುಳಿಯ ಕಡೆ ತಿರುಗಿಕೊಂಡಳು.

"ಪಾಸಾದಳ್ರಿ ಏಜೆಂಟ್ರ" ಎಂದರು ಇಮಾಮಸಾಬರು. ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು ಅಂದರು: "ಇಷ್ಟ ಜಲ್ದಿ ಪಾಸಾಗ್ತಾಳಂತ ಅಂದ್ಕೊಂಡಿದ್ದಿಲ್ಲ."

ಅವರು ನಿಜವಾಗಿ ತೀರಿಕೊಂಡದ್ದು ಮುಂದಿನ ಮಳೆಗಾಲದಲ್ಲಿ. ಮರುದಿನ ಬಿಜಲಿ ಹೊಟ್ಟೆ ತುಂಬ ತಿಂದಳು. ಎಂಥ ವ್ಯವಸ್ಥೆ ಮಾಡಿ ಹೋದರೆಂದು ಓಣಿಯವರೆಲ್ಲ ಹೊಗಳಿದರು. ನನಗೆ ಮಾತ್ರ ಅಂದು ಊಟ ಸೇರಲಿಲ್ಲ. ಅಂದಿನಿಂದ ಗಿರಾಕಿಗಳ ಮುಂದೆ "ನಾಳಿ ನೀವು ಇಲ್ಲಾ ಅಂತ ಇಟ್ಕೋರಿ" ಎನ್ನುವಾಗ ದನಿ ಇಳಿದುಬಿಡುತ್ತದೆ. ವಿಚಿತ್ರವೆಂದರೆ, ಹಾಗೆ ಹೇಳಿದಾಗಲೇ ಜನ ಹೆಚ್ಚು ಪಾಲಿಸಿ ಮಾಡಿಸುತ್ತಾರೆ.

ಮೊನ್ನೆ ಕೆಲಸದ ಮೇಲೆ ಮುಂಡರಗಿಯಲ್ಲಿ ಕೆಲವು ದಿನ ಉಳಿದು ಬಂದೆ. ನನ್ನ ಆರಾಮ ಖುರ್ಚಿಯನ್ನು ಅಂಗಳಕ್ಕೆ ಹಾಕಿ ಅದರ ಮೇಲೆ ಸಂಡಿಗೆ ಒಣಹಾಕಿದ್ದರು. ನಾನು ಗೊಣಗುತ್ತಿದ್ದ ನಲ್ಲಿ ರಿಪೇರಿಯಾಗಿತ್ತು. ಮಕ್ಕಳು ಜೋರಾಗಿ ನಗುತ್ತ ಉಣ್ಣುತ್ತಿದ್ದರು. ಹೆಂಡತಿ ಹೊರಗೆ ಬಂದು, "ಅಯ್ಯ, ಇವತ್ತ ಬಂದ್ರಿ? ಇನ್ನೂ ನಾಕ ದಿನ ಆಗತೈತಿ ಅಂತ ಅಂದ್ಕೊಂಡಿದ್ವಿ" ಎಂದಳು. ನಾನಿಲ್ಲದೆಯೂ ಮನೆ ಇಷ್ಟು ಸುಸೂತ್ರವಾಗಿ ನಡೆಯುತ್ತದೆ ಎಂದು ಏಜೆಂಟನಾಗಿ ಸಂತೋಷಪಡಬೇಕಿತ್ತು. ಸಂಡಿಗೆ ಒಣಗುವವರೆಗೆ ಕಟ್ಟೆಯ ಮೇಲೆ, ಬೀದಿಗೆ ಮುಖ ಮಾಡಿ ಕುಳಿತೆ. ಸುಮ್ಮನೆ ಒಮ್ಮೆ ಕೆಮ್ಮಿ ನೋಡಿದೆ. ಒಳಗಿನಿಂದ ಯಾರೂ ಬರಲಿಲ್ಲ.