ನನ್ನ ಪಾಲಿಗಿದ್ದ ಒಂದೇ ಒಂದು ದೆವ್ವ

ದೆವ್ವವಿಲ್ಲ ಎಂದು ವಾದಿಸುವುದು ಬಹಳ ಸುಲಭದ ಕೆಲಸ. ಇದೆ ಎನ್ನುವವನೇ ತಂದು ತೋರಿಸಬೇಕು. ಇಲ್ಲ ಎನ್ನುವವರು ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದರೆ ಸಾಕು. ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಹೆಗ್ಗಡದೇವನಕೋಟೆಯ ಕಾಲೇಜಿನಲ್ಲಿ ಮೇಷ್ಟ್ರಾಗಿ ನಿವೃತ್ತನಾಗುವ ತನಕ ನಾನು ಹಾಗೆಯೇ ಕೂತಿದ್ದೆ. ಮದುವೆಮನೆಯಲ್ಲಾಗಲಿ, ಬಸ್ಸಿನಲ್ಲಾಗಲಿ, ಯಾರಾದರೂ ದೆವ್ವದ ಮಾತೆತ್ತಿದರೆ ‘ಯಾರು ನೋಡಿದ್ದು? ಎಷ್ಟು ದೂರದಿಂದ? ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು?’ ಎಂದು ಮೇಲೆ ಬೀಳುತ್ತಿದ್ದೆ. ಪಾಪ, ಎಷ್ಟೋ ದೆವ್ವಗಳು ನನ್ನ ಪ್ರಶ್ನೆಗೆ ಹೆದರಿ ಊಟದ ಎಲೆಯ ಮುಂದೆಯೇ ಎರಡನೆಯ ಸಲ ಪ್ರಾಣ ಬಿಟ್ಟಿವೆ. ನನಗಿದ್ದದ್ದು ಒಂದೇ ತೊಂದರೆ. ನಾನೇ ಒಂದು ದೆವ್ವವನ್ನು ನೋಡಿದ್ದೆ.

ಆಗ ನನಗೆ ಏಳು ವರ್ಷವಿರಬೇಕು. ಕೋಟೆಯ ಹಳೆಯ ಜೈಲಿನ ಪಕ್ಕದ ಓಣಿಯಲ್ಲಿ ನಮ್ಮ ಮನೆ. ಒಂದು ಮಟಮಟ ಮಧ್ಯಾಹ್ನ ಚಿನ್ನಿದಾಂಡು ಆಡುವಾಗ ಚಿನ್ನಿ ಹಾರಿ ಜೈಲುಗೋಡೆಯ ಬುಡಕ್ಕೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದರೆ, ಮೇಲಿನ ಕಿಟಕಿಯ ಸರಳುಗಳ ನಡುವಿನಿಂದ ಒಂದು ಕೈ ಹೊರಗೆ ಬಂತು. ಬೆಳ್ಳಗೆ ಅಂದರೆ ಬೆಳ್ಳಗೆ. ಮನುಷ್ಯರ ಕೈ ಅಷ್ಟು ಬೆಳ್ಳಗಿರುವುದಿಲ್ಲ. ‘ಮಗಾ, ಒಸಿ ನೀರ್ ಕೊಡು’ ಎಂದು ದನಿ ಕೇಳಿಸಿತು. ಚಿನ್ನಿಯನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ. ಆ ಕೋಣೆಯಲ್ಲಿ ಯಾರನ್ನೂ ಇಟ್ಟಿಲ್ಲ, ಎಷ್ಟೋ ಕಾಲದಿಂದ ಖಾಲಿ ಎಂದರು ಮನೆಯವರು. ಆಮೇಲೆ ಜ್ವರ ಬಂದು ಮಲಗಿದ್ದು ನೆನಪು, ಅಷ್ಟೇ. ದೊಡ್ಡವನಾದ ಮೇಲೆ ಈ ಕೈಯನ್ನು ವಕ್ರೀಭವನದಿಂದ, ಬಿಸಿಲುಗುದುರೆಯಿಂದ, ಕೊನೆಗೆ ಅಜೀರ್ಣದಿಂದಲೂ ವಿವರಿಸಲು ನೋಡಿದೆ. ಅದು ಮಾತ್ರ ಕಿಟಕಿಯ ಒಳಕ್ಕೆ ಹೋಗಲೊಲ್ಲದು. ಹೊರಗೆ ಯಾರಿಗೂ ಬಾಯಿಬಿಡಲಿಲ್ಲ. ಮದುವೆಯಾದ ಹೊಸತರಲ್ಲಿ ಮಾತ್ರ, ಓಮನ ನಿಯಮ ವಿವರಿಸಿ ಮುಗಿದ ಮೇಲೆ ಹೆಂಡತಿಯ ಹತ್ತಿರ ಇನ್ನೇನು ಮಾತಾಡುವುದೆಂದು ತೋಚದೆ, ಗಿರಿಜೆಗೆ ಹೇಳಿಬಿಟ್ಟಿದ್ದೆ.

ಗಿರಿಜೆಗೆ ಶಿವಮಲ್ಲು ಎಂಬ ತಮ್ಮನಿದ್ದಾನೆ. ಕಬಿನಿ ಕಡೆಯ ರೆಸಾರ್ಟುಗಳಿಗೆ ಬರುವ ಜನರನ್ನು ಜೀಪಿನಲ್ಲಿ ಸುತ್ತಾಡಿಸುವುದು ಅವನ ಕಸುಬು. ಹೋದ ವರ್ಷ ಒಂದು ದಿನ ಕಾಫಿ ಕುಡಿಯುತ್ತ, ‘ಭಾವ, ದೆವ್ವದ ಟೂರ್ ಶುರು ಮಾಡ್ತಾ ಇವ್ನಿ. ಹಳೇ ಜೈಲು, ಅದರ ಹಿಂದ್ಲ ಸ್ಮಶಾನ, ಎರಡೂ ಸೇರಿ’ ಎಂದ. ನಾನು ನಕ್ಕು, ಎಷ್ಟು ಗಂಟೆಗೆ ಎಂದು ಕೇಳಿದೆ. ಬೆಳಿಗ್ಗೆ ಹನ್ನೊಂದಕ್ಕೆ ಎಂದ! ತಿಂಡಿ ತಿಂದು, ಪೇಪರು ಓದಿ, ಬಿಸಿಲಿನಲ್ಲಿ ಛತ್ರಿ ಹಿಡಿದುಕೊಂಡು ದೆವ್ವ ನೋಡುವುದೆಂದರೇನು? ಅವನು ಗಂಭೀರವಾಗಿಯೇ ವಿವರಿಸಿದ. ‘ರಾತ್ರಿ ಒತ್ತು ಸ್ಮಶಾನದ ಮಗ್ಗುಲಿಗೆ ಆನೆ ಬತ್ತವೆ ಭಾವ. ದೆವ್ವ ನೋಡಕ್ಕೋದೋರು ದೆವ್ವ ಆಗಿ ಬರಬಾರ್ದಲ್ಲ! ಅದೂ ಅಲ್ದೆ, ಬೆಳಗಿನ ಸಫಾರಿ ಮುಗ್ಸಿ ಬಂದೋರ್ಗೆ ಮಧ್ಯಾಹ್ನದ ಸಫಾರಿಗಂಟ ಮಾಡಕ್ಕೆ ಕೆಲಸ ಇಲ್ಲ. ಅರ್ಧ ಜನಕ್ಕೆ ಹುಲಿ ಕಂಡಿರಾಕಿಲ್ಲ. ದೆವ್ವನಾದ್ರೂ ಕಾಣ್ಲಿ ಬುಡಿ.’ ಇಷ್ಟು ತರ್ಕಬದ್ಧವಾದ ಮೂಢನಂಬಿಕೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಸ್ಮಶಾನದ ಭಾಗಕ್ಕೆ ಮೊದಲೇ ಅಡ್ಡಿ ಬಂತು. ಅಲ್ಲಿ ಮಲಗಿರುವವರೆಲ್ಲ ನಮ್ಮ ಜನವೇ. ಕೇರಿಯ ಹಿರಿಯರಾದ ಗುರುಮಲ್ಲಪ್ಪನವರು ಶಿವಮಲ್ಲುವನ್ನು ಜಗಲಿಗೆ ಕರೆಸಿ ಕೇಳಿದರು: ‘ನಮ್ಮೋರು ಸತ್ತು ಶಿವನ ಪಾದ ಸೇರವ್ರೆ ಕಣ್ಲಾ. ಸೇರ್ದೋರು ವಾಪಸ್ ಯಾಕ್ ಬತ್ತಾರೆ? ದೆವ್ವ ಅವೆ ಅಂದ್ರೆ ಅಲ್ಲಿ ಜಾಗ ಸಿಕ್ನಿಲ್ಲ ಅಂದಂಗಾಯ್ತದೆ. ಯಾರ ಮನೆ ಮರ್ವಾದೆ ಕಳೀಬೇಕು ಅಂತಿದ್ದೀಯೆ?’ ಮಾತು ನಿಜವೇ. ಊರಿನ ಯಾವ ಮನೆಯವರೂ ತಮ್ಮ ಅಜ್ಜ ಕೈಲಾಸದ ಬಾಗಿಲಿಂದ ವಾಪಸಾದ ಎಂದು ಒಪ್ಪಲಾರರು. ಕೊನೆಗೆ ಒಂದು ರಾಜಿಯಾಯಿತು. ಸ್ಮಶಾನದಲ್ಲಿ ಪ್ರವಾಸಿಗಳು ಚಪ್ಪಲಿ ಬಿಟ್ಟು, ಕೈಮುಗಿದು, ಬೇವಿನ ಮರದ ಕೆಳಗೆ ಮಜ್ಜಿಗೆ ಕುಡಿದು ಬರಬಹುದು, ದೆವ್ವದ ಸೊಲ್ಲೆತ್ತುವಂತಿಲ್ಲ. ಹೀಗಾಗಿ ಇಡೀ ಪ್ರವಾಸದ ದೆವ್ವದ ಭಾರ ಬೀಗ ಬಿದ್ದ ಆ ಜೈಲಿನ ಹೊರಗೋಡೆಯ ಮೇಲೆ ಬಿತ್ತು.

ಮೊದಲನೆಯ ಭಾನುವಾರವೇ ನಾನು ಹೊರಟೆ. ಅವನ ಬಂಡವಾಳ ಬಯಲು ಮಾಡಲು ಹೋಗುತ್ತೇನೆ ಎಂದು ಗಿರಿಜೆಗೆ ಹೇಳಿದೆ. ನಿಜ ಹೇಳಬೇಕೆಂದರೆ ಹಿಂದಿನ ರಾತ್ರಿಯಿಡೀ ಮಗ್ಗುಲು ಬದಲಿಸಿದ್ದೆ. ಆ ಕಿಟಕಿಯ ಕೆಳಗೆ ಮತ್ತೆ ನಿಂತು, ಕಂಡದ್ದೇನೆಂದು ಒಮ್ಮೆ ಇತ್ಯರ್ಥ ಮಾಡಿಕೊಳ್ಳಬೇಕಿತ್ತು. ಪಿರಿಯಾಪಟ್ಟಣಕ್ಕೆ ಕೊಟ್ಟಿರುವ ನನ್ನ ಅಕ್ಕ ನೀಲಮ್ಮ ಆ ವಾರ ನಮ್ಮಲ್ಲೇ ಇದ್ದಳು. ಜೀಪು ಪುಕ್ಕಟೆ ಎಂದು ತಿಳಿದು ಅವಳೂ ಹತ್ತಿದಳು. ಜೈಲಿನ ಗೋಡೆಯ ಮುಂದೆ, ಹುಲಿ ಕಾಣದೆ ಮುಖ ಸಣ್ಣಗೆ ಮಾಡಿಕೊಂಡಿದ್ದ ಗುಂಪಿನ ಎದುರು, ಶಿವಮಲ್ಲು ದನಿ ತಗ್ಗಿಸಿ ಶುರುಮಾಡಿದ: ‘ಬಹಳ ವರ್ಷಗಳ ಹಿಂದೆ, ಇದೇ ಓಣಿಯ ಒಬ್ಬ ಪುಟ್ಟ ಹುಡುಗ ಗೋಲಿ ಆಡುತ್ತಿದ್ದಾಗ, ಅಗೋ ಆ ಎಡಗಡೆಯ ಕಿಟಕಿಯಿಂದ...’

ನನ್ನ ದೆವ್ವ! ನನ್ನ ಸ್ವಂತ ದೆವ್ವ, ಗಿರಿಜೆಯ ಬಾಯಿಂದ ಶಿವಮಲ್ಲುವಿನ ಬಾಯಿಗೆ ಹೋಗಿ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ನಿಂತಿತ್ತು! ಎಲ್ಲರ ಮುಂದೆ ಇದೆಲ್ಲ ಕಟ್ಟುಕಥೆ ಎಂದು ಹೇಳಲು ಬಾಯಿ ತೆರೆದೆ. ಹೊರಗೆ ಬಂದದ್ದು ಬೇರೆ ಮಾತು. ‘ಗೋಲಿ ಅಲ್ಲ, ಚಿನ್ನಿದಾಂಡು. ಕಿಟಕಿ ಬಲಗಡೆಯದು!’

ಗುಂಪು ಒಂದೇ ಸಲ ನನ್ನ ಕಡೆ ತಿರುಗಿತು. ಮೊಬೈಲುಗಳು ಮೇಲೆದ್ದವು. ಒಬ್ಬಾಕೆ ‘ನೀವೇನಾ ಸರ್ ಆ ಹುಡುಗ?’ ಎಂದು ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳಿದರು. ಮೂವತ್ತು ವರ್ಷ ಪಾಠ ಮಾಡಿದ ನನ್ನನ್ನು ಯಾವ ತರಗತಿಯೂ ಹಾಗೆ ನೋಡಿರಲಿಲ್ಲ. ಹೇಳಿದೆ. ಕೈ ಚಾಚಿ, ದನಿ ನಡುಗಿಸಿ, ಬಿಸಿಲು ಗೋಡೆಯ ಮೇಲೆ ಯಾವ ಕೋನದಲ್ಲಿತ್ತು ಎಂಬುದನ್ನೂ ಬಿಡದೆ ಹೇಳಿದೆ. ಮುಗಿಯುವ ಹೊತ್ತಿಗೆ ಒಂದು ಮಗು ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸಿತ್ತು. ಆಹಾ, ಎಂಥ ತೃಪ್ತಿ!

ಆಗ ಹಿಂದಿನಿಂದ ಅಕ್ಕನ ದನಿ ಬಂತು. ‘ಲೇ ಪುಟ್ಟು, ಅದು ನೀನಲ್ಲ ಕಣ್ಲಾ. ನಾನು.’

ನಾನು ತಿರುಗಿದೆ.

‘ನಿಂಗೆ ಆಗ ಮಂಗನಬಾವು. ಮೋರೆ ಹಲಸಿನಕಾಯಿ ಆದಂಗಾಗಿತ್ತು, ಮನೆಯಿಂದ ಆಚ್ಗೆ ಬುಟ್ಟಿದ್ರಾ ನಿನ್ನ? ಚಿನ್ನಿ ಎತ್ಕೊಳ್ಳಕ್ಕೆ ಬಂದೋಳು ನಾನು. ನಾನೇ ನಿಂಗೆ ಬಂದು ಏಳಿದ್ದು. ಕೇಳಿ ಕೇಳಿ ತಂದೇ ಅಂದ್ಕೊಂಡವ್ನೆ, ಮೊದ್ಲಿಂದ್ಲೂ ಇಂಗೇಯ!’

‘ನನಗೆ ಜ್ವರ ಬಂದದ್ದು ನೆನಪಿದೆಯಲ್ಲ!’ ಎಂದೆ.

‘ಜ್ವರ ಬಂದೇ ಇತ್ತು. ಮಂಗನಬಾವಲ್ವ?’ ಎಂದು ಅವಳು ಗುಂಪಿನ ಕಡೆ ತಿರುಗಿದಳು. ‘ಕೈ ಬೆಳ್ಳಗಿತ್ತು, ದಿಟ. ಕೈಯೆಲ್ಲ ಸುಣ್ಣ. ಯಾರೋ ಖೈದಿ ಕೈಲಿ ರೂಮ್ಗೆ ಸುಣ್ಣ ಬಳಿಸ್ತಾ ಅವ್ರೆ ಅಂದ್ಕೊಂಡೆ. ನೀರ್ ಕೇಳ್ದ. ಮನೆಯಿಂದ ಚೊಂಬು ತಂದು, ಕಲ್ಲಿನ ಮ್ಯಾಕೆ ಅತ್ತಿ ಅಂಗೈಗೆ ಉಯ್ದೆ. ಕುಡ್ದ. ತಣ್ಗಿರು ತಾಯಿ ಅಂದ.’

ಸುಣ್ಣ! ಅರ್ಧ ಶತಮಾನ ನನ್ನನ್ನು ಕಾಡಿದ ಬಿಳುಪಿಗೆ ಉತ್ತರ ಸುಣ್ಣ! ವಿಜ್ಞಾನಿಯಾದವನು ಕುಣಿದಾಡಬೇಕಿತ್ತು. ನನಗಾದರೋ ಜೇಬು ಕತ್ತರಿಸಿಕೊಂಡವನ ಸ್ಥಿತಿ. ದೆವ್ವವೂ ಹೋಯಿತು, ನೋಡಿದವನೆಂಬ ಪಟ್ಟವೂ ಹೋಯಿತು. ಗುಂಪಿನ ಮುಖಗಳೂ ಜೋತುಬಿದ್ದವು. ಬೆಳಿಗ್ಗೆ ಹುಲಿಯಿಲ್ಲ, ಈಗ ಬರೀ ಸುಣ್ಣ. ಶಿವಮಲ್ಲು ಅಳುವುದೊಂದು ಬಾಕಿ. ಅಕ್ಕ ಎಲ್ಲರ ಮುಖವನ್ನೂ ಒಮ್ಮೆ ನೋಡಿದಳು. ಸೆರಗು ಸರಿಮಾಡಿಕೊಂಡಳು. ಆಮೇಲೆ ನಿಧಾನವಾಗಿ ಹೇಳಿದಳು:

‘ಸಂಜೆಗೆ ನಮ್ಮಪ್ಪ ಓಗಿ ಕಾವಲಿನವ್ರ ಇಚಾರಿಸ್ಕೊಂಡ್ ಬಂದ್ರು. ಆ ವರ್ಸ ಜೈಲ್ಗೆ ಸುಣ್ಣನೇ ಬಳಿಸಿರ್ನಿಲ್ವಂತೆ ಕಣವ್ವ.’

ಯಾರೋ ‘ಅಯ್ಯಪ್ಪಾ!’ ಎಂದು ಚೀರಿದರು. ನನ್ನ ಮೈಯ ರೋಮಗಳು, ಎಂ.ಎಸ್ಸಿ. ಪದವಿಯನ್ನು ಲೆಕ್ಕಿಸದೆ, ಒಂದೊಂದಾಗಿ ಎದ್ದು ನಿಂತವು. ಮರುಕ್ಷಣವೇ ಹೊಟ್ಟೆಕಿಚ್ಚೂ ಎದ್ದಿತು. ಈ ಕೊನೆಯ ಮಾತನ್ನು ಅವಳು ನೆನಪಿನಿಂದ ತೆಗೆದಳೋ, ಅಲ್ಲೇ ಹೊಲಿದಳೋ, ನಾನು ಹೇಗೆ ಹೇಳಲಿ? ನನ್ನ ನೆನಪೇ ನನ್ನದೋ ಅಲ್ಲವೋ ತಿಳಿಯದಿರುವಾಗ ಅವಳದನ್ನು ಯಾವ ತಕ್ಕಡಿಯಲ್ಲಿ ತೂಗಲಿ? ಜೀಪಿನಲ್ಲಿ ದಾರಿಯುದ್ದಕ್ಕೂ ಜಗಳವಾಡಿದೆವು. ‘ಆ ದೆವ್ವ ನನ್ನದು’ ಎಂದು ನಾನು, ಕೈಬೀಸಿ ಕೂಗುತ್ತಿದ್ದೆ. ದೆವ್ವವೇ ಇಲ್ಲವೆನ್ನುವ ನಾನು! ‘ಮಂಗನಬಾವು ನಿಂದು, ಅದ್ನ ಮಡಿಕ್ಕೊ’ ಎಂದು ಅಕ್ಕ.

ತೀರ್ಮಾನ ಮಾಡಿದವನು ಶಿವಮಲ್ಲು. ಶನಿವಾರ ನಾನು, ಭಾನುವಾರ ಅಕ್ಕ. ಅವಳು ಈಗ ಪ್ರತಿ ವಾರ ಪಿರಿಯಾಪಟ್ಟಣದಿಂದ ಬಸ್ಸು ಹಿಡಿದು, ಹೊಸ ಸೀರೆಯುಟ್ಟು ಬರುತ್ತಾಳೆ. ಭಾನುವಾರ ಎರಡು ಜೀಪು ತುಂಬುತ್ತವೆ. ಶನಿವಾರ ಒಂದಕ್ಕೂ ಜಾಗ ಮಿಗುತ್ತದೆ. ಇದು ಸಹಿಸುವ ಮಾತೇ? ನನ್ನ ನೆನಪೂ ಚುರುಕಾಯಿತು. ಮೊದಲು ಬರೀ ಕೈ ಇದ್ದದ್ದು, ಎರಡನೆಯ ಶನಿವಾರ ಮೊಣಕೈ ಕಂಡಿತು. ಆಮೇಲೆ ಹೆಗಲು. ಹೋದ ಶನಿವಾರ ಇಡೀ ಮುಖವೇ ನೆನಪಾಗಿ, ಅದರ ಗಿರಿಜಾ ಮೀಸೆಯನ್ನು ನಾನು ಎರಡೂ ಕೈಯಲ್ಲಿ ತೀಡಿ ತೋರಿಸುತ್ತಿದ್ದೆ.

ಆಗ ಕನ್ನಡಕ ಹಾಕಿದ ಒಬ್ಬ ಕಾಲೇಜು ಹುಡುಗಿ ಕೈಯೆತ್ತಿದಳು. ‘ಸರ್, ಆಗ ನಿಮಗೆ ಏಳು ವರ್ಷ ಅಂದ್ರಿ. ಈ ಕಿಟಕಿ ನನಗೇ ಎಟಕಲ್ಲ. ಗೋಡೆ ಬುಡದಲ್ಲಿ ನಿಂತವರಿಗೆ ಒಳಗಿನ ಮುಖ ಹೇಗೆ ಕಾಣುತ್ತೆ? ಕೋನ ಸರಿಹೋಗಲ್ವಲ್ಲ?’

ನಾನು ಕಿಟಕಿ ನೋಡಿದೆ, ಹುಡುಗಿಯನ್ನು ನೋಡಿದೆ. ಮೂವತ್ತು ವರ್ಷ ಕಪ್ಪುಹಲಗೆಯ ಮುಂದೆ ನಿಂತು ನಾನು ಕಾದದ್ದು ಇಂಥ ಒಂದು ಪ್ರಶ್ನೆಗಾಗಿಯೇ. ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ. ಕಲ್ಲಿನ ಮೇಲೆ ಹತ್ತಿದ್ದೆ ಎನ್ನೋಣವೆಂದರೆ ಕಲ್ಲು ಅಕ್ಕನ ಪಾಲಿಗೆ ಹೋಗಿದೆ, ಶನಿವಾರ ಅದನ್ನು ಬಳಸುವಂತಿಲ್ಲ. ಗುಂಪು ಕಾಯುತ್ತಿತ್ತು. ನಾನು ಕಣ್ಣು ಅರೆಮುಚ್ಚಿ, ಕನಿಕರದಿಂದ ತಲೆಯಾಡಿಸಿ ಹೇಳಿದೆ:

‘ಎಲ್ಲಕ್ಕೂ ವಿಜ್ಞಾನದಲ್ಲಿ ಉತ್ತರ ಇರಲ್ಲ ಕಣಮ್ಮಾ.’