ಮುದುಕವ್ವನ ಬಣವೆ ಉರಿಯುತ್ತಿರುವ ಬಗ್ಗೆ

ಸಾರವಾಡದ ಮುದುಕವ್ವನ ಜೋಳದ ಕಣಿಕೆಯ ಬಣವೆಗೆ ಸಾವಿರದ ಒಂಬೈನೂರ ನಲವತ್ತೆರಡನೆಯ ಇಸವಿ ಏಪ್ರಿಲ್ ಹದಿನಾಲ್ಕರಂದು ಹತ್ತಿದ ಬೆಂಕಿ ಇನ್ನೂ ಆರಿಲ್ಲ. ಹೊಗೆ ಕಾಣುವುದಿಲ್ಲ, ಉರಿ ಕಾಣುವುದಿಲ್ಲ, ಒಂದು ಮೂಲೆ ಬಿಟ್ಟರೆ ಕಣಿಕೆಯೂ ಸುಟ್ಟಿಲ್ಲ. ಇದು ಬೆಂಕಿಯ ಅಶಿಸ್ತೇ ಹೊರತು ದಾಖಲೆಯ ತಪ್ಪಲ್ಲ. ದಾಖಲೆ ಬರೆದವನು ನಾನು, ವಿಜಾಪುರದ ಬೆಂಕಿ ಪಹರೆ ದಳದ ಕಾರಕೂನ.

ಜಪಾನಿನ ವಿಮಾನಗಳು ಸಾರವಾಡವನ್ನು ಹುಡುಕಿಕೊಂಡು ಬರಬಹುದೆಂದು ಹಳ್ಳಿಗೊಬ್ಬ ಸ್ವಯಂಸೇವಕನನ್ನು ತಯಾರು ಮಾಡುವುದು ನಮ್ಮ ದಳದ ಕೆಲಸ. ಸಾರವಾಡದಿಂದ ಸಂಗಣ್ಣ ಬಂದ. ಮೂರು ವಾರ ಕಲಿತು, ತೋಳಪಟ್ಟಿ, ಸೀಟಿ, ಅರ್ಹತಾಪತ್ರ ಪಡೆದ. ಅದೇ ದಿನ ಊರಲ್ಲಿ ಯಾರೋ ಎಸೆದ ಬೀಡಿಯಿಂದ ಬಣವೆ ಹೊತ್ತಿಕೊಂಡಿತು. ಮುದುಕವ್ವ ದನದ ಬಾನಿಯಲ್ಲಿ ಕಂಬಳಿ ಅದ್ದಿ ಬಡಿಬಡಿದು, ಉಳಿದ ನೀರು ಸುರುವಿ, ಸಂಗಣ್ಣ ಊರು ಮುಟ್ಟುವಷ್ಟರಲ್ಲಿ ಬೆಂಕಿ ಆರಿಸಿಬಿಟ್ಟಿದ್ದಳು. ಯಾರನ್ನೂ ಕೇಳಿರಲಿಲ್ಲ.

ದಳದ ಏಳನೆಯ ನಿಯಮ ಹೀಗಿದೆ: "ಅರ್ಹತಾಪತ್ರವಿಲ್ಲದವರು ಆರಿಸಿದ ಬೆಂಕಿಯನ್ನು ಆರಿದ ಬೆಂಕಿಯೆಂದು ಪರಿಗಣಿಸತಕ್ಕದ್ದಲ್ಲ." ಎಂಟನೆಯದು: "ಒಬ್ಬರು ಕೈಹಾಕಿದ ಬೆಂಕಿಗೆ ಇನ್ನೊಬ್ಬರು ಕೈಹಾಕತಕ್ಕದ್ದಲ್ಲ." ಸಂಗಣ್ಣನಿಗೆ ಎರಡೂ ಬಾಯಿಪಾಠ. ಬಣವೆಯ ಸುತ್ತ ಹಗ್ಗ ಕಟ್ಟಿ, "ಬೆಂಕಿ ಇದೆ, ದೂರವಿರಿ" ಎಂದು ಹಲಗೆ ನೆಟ್ಟ.

ಕಡುಬೇಸಿಗೆ. ಮುದುಕವ್ವನ ಎರಡು ಎತ್ತುಗಳಿಗೆ ಮುಂದಿನ ಸುಗ್ಗಿಯವರೆಗೆ ಇದ್ದ ಮೇವೆಲ್ಲ ಆ ಹಗ್ಗದೊಳಗೇ ಇತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿಗೆ ಸೀಟಿಯೂ ಇತ್ತು.

"ಸಂಗಣ್ಣಾ, ಬೆಂಕಿ ಎಲ್ಲೈತೊ? ಕೈ ಇಟ್ಟ ನೋಡು, ತಣ್ಣಗೈತಿ," ಎಂದಳು ಮುದುಕವ್ವ.

"ಕೈ ಇಡಾಕ ಬರೂದಿಲ್ಲ ಬೇ. ಸುಡತೈತಿ."

"ಎತ್ತು ನಿನ್ನಿಯಿಂದ ಬರೇ ನೀರ ಕುಡದ ನಿಂತಾವು."

"ಅದಕ್ಕ ಉರಿಯೂ ಕಣಕಿ ತಿನಸ್ತೀಯೇನು? ಪಾಪ ಹತ್ತತೈತಿ."

ಉಳಿದ ದಾರಿ ಒಂದೇ. ಮುದುಕವ್ವ ತಾನೇ ಅರ್ಹತೆ ಪಡೆದು, ತಾನು ಆರಿಸಿದ ಬೆಂಕಿಯನ್ನು ಕಾಯ್ದೇಶೀರ ಮತ್ತೊಮ್ಮೆ ಆರಿಸಬೇಕು. ಎತ್ತುಗಳನ್ನು ಕಾಖಂಡಕಿಯಲ್ಲಿದ್ದ ತಮ್ಮ ಅಮೋಘಿಯ ಹತ್ತಿರ ಬಿಟ್ಟಳು. "ಮೂರ ವಾರ ಮೇಸತೇನಿ ಅಕ್ಕಾ. ಆಮ್ಯಾಲ ನನ್ನ ಎತ್ತಿಗೂ ಇರೂದಿಲ್ಲ," ಎಂದ ಅವನು. ಅವಳು ರೊಟ್ಟಿ ಬುತ್ತಿ ಕಟ್ಟಿಕೊಂಡು ವಿಜಾಪುರಕ್ಕೆ ಬಂದಳು.

ದಳದಲ್ಲಿ ನೀರು ಚಿಮ್ಮುವ ಪಂಪು ಒಂದಿತ್ತು. ತುಕ್ಕು ಹಿಡಿದೀತೆಂದು ಅದಕ್ಕೆ ನೀರು ಮುಟ್ಟಿಸುತ್ತಿರಲಿಲ್ಲ. ಕಲಿಯುವವರು ಅದರ ಚಿತ್ರ ನೋಡಿ ಕಲಿಯುತ್ತಿದ್ದರು. ಮೂರು ವಾರದ ಕೊನೆಗೆ ದಳದ ಮುಖ್ಯಸ್ಥ ಬಸಲಿಂಗಯ್ಯನವರು ಪರೀಕ್ಷೆ ಮಾಡಿದರು.

"ಬೆಂಕಿ ಕಂಡರ ಮೊದಲ ಏನ ಮಾಡಬೇಕು?"

"ನೀರ ಹಾಕಬೇಕ್ರಿ."

"ತಪ್ಪು. ಬೆಂಕಿಗೆ ಮುಖಾ ಮಾಡಿ ನಿಂತು ಮೂರ ಸಲ ಸೀಟಿ ಊದಬೇಕು. ಆಮ್ಯಾಲ?"

"ಆಮ್ಯಾಲ ನೀರ ಹಾಕಬೇಕ್ರಿ."

"ತಪ್ಪು. ಬೆಂಕಿ ಯಾರದು, ಅವರ ತಂದಿ ಹೆಸರೇನು, ಹತ್ತಿದ ವ್ಯಾಳ್ಯಾ ಎಷ್ಟು, ಕೂಗಿ ಹೇಳಬೇಕು. ಹೇಳಿ, ವಿಜಾಪುರದಿಂದ ಹುಕುಂ ಬರೂತನಕ ಕಾಯಬೇಕು."

"ಸಾಹೇಬರ, ಅಷ್ಟೊತ್ತಿಗೆ ಮನಿ ಸುಟ್ಟ ಹೋಗಿರತೈತಲ್ರಿ."

"ಹೋಗಲಿ. ದಾಖಲೆ ಉಳೀತೈತಲ್ಲ."

ಮುದುಕವ್ವ ನಪಾಸಾದಳು. ಕಾರಣದ ಕೆಳಗೆ ನಾನು, "ಬೆಂಕಿ ಕಂಡರೆ ಆರಿಸುವ ಚಟವಿದೆ" ಎಂದು ಬರೆದೆ. ಬರೆಯುವಾಗ ನಾಚಿಕೆಯಾಯಿತು. ಅಕ್ಷರ ಮಾತ್ರ ದುಂಡಗೆ ಬಂದವು.

ಮುಂದಿನ ಪರೀಕ್ಷೆ ದೀಪಾವಳಿಗೆ. ಅಮೋಘಿ ಮಾತಿಗೆ ತಪ್ಪದವನು. ಇಪ್ಪತ್ತೆರಡನೆಯ ದಿನ ಎತ್ತುಗಳನ್ನು ಬಬಲೇಶ್ವರದ ಸಂತೆಗೆ ಹೊಡೆದುಕೊಂಡು ಹೋಗಿ, ಹಗ್ಗ ಮಾತ್ರ ಹಿಂದಕ್ಕೆ ತಂದ. ಬಣವೆಯ ಸುತ್ತಲಿನ ಹಗ್ಗ ಸವೆದಿತ್ತು. ಸಂಗಣ್ಣ ಎತ್ತಿನ ಹಗ್ಗವನ್ನು ಈಸಿಕೊಂಡು ಕಟ್ಟಿದ. ಮುದುಕವ್ವ ಅದನ್ನು ನೋಡುತ್ತ ಕಟ್ಟೆಯ ಮೇಲೆ ಕೂತಿದ್ದಳಂತೆ.

ಮಿರಗದ ಮಳೆ ನಾಲ್ಕು ದಿನ ಬಣವೆಯ ಮೇಲೆ ಸುರಿಯಿತು. ಮಳೆಗೆ ಅರ್ಹತಾಪತ್ರವಿದೆಯೇ ಎಂದು ಸಂಗಣ್ಣ ಪತ್ರ ಬರೆದು ಕೇಳಿದ. ಇಲ್ಲವೆಂದು ತಿಳಿಸಿದೆವು.

ದೀಪಾವಳಿಯ ಪರೀಕ್ಷೆಯಲ್ಲಿ ಮುದುಕವ್ವ ಮೊದಲಿಂದ ಕೊನೆಯತನಕ ನೀರಿನ ಹೆಸರೆತ್ತಲಿಲ್ಲ. ಬಸಲಿಂಗಯ್ಯನವರು ಸಂತೋಷದಿಂದ ತಾವೇ ತೋಳಪಟ್ಟಿ ಕಟ್ಟಿದರು. ಅವಳು ಊರಿಗೆ ಹೋಗಿ ಬಣವೆಗೆ ಮುಖ ಮಾಡಿ ನಿಂತು ಮೂರು ಸಲ ಸೀಟಿ ಊದಿದಳು. ಬೆಂಕಿ ತನ್ನದೆಂದಳು, ತಂದೆಯ ಹೆಸರು ಹೇಳಿದಳು, ವೇಳೆ ಹೇಳಿದಳು. ಹುಕುಮಿಗಾಗಿ ಕಾಯುತ್ತ ಕೂತಳು. ಆ ಹುಕುಮಿನ ಕಾಗದ ನನ್ನ ಮೇಜಿನ ಮೇಲಿದೆ, ಸಹಿಯಾಗಿಲ್ಲ.

ಎಳ್ಳಮವಾಸ್ಯೆಯ ಹೊತ್ತಿಗೆ ಚಳಿ ಬಿಗಿಯಿತು. ಬಸಲಿಂಗಯ್ಯನವರು ತಪಾಸಣೆಗೆಂದು ಸಾರವಾಡಕ್ಕೆ ಹೊರಟರು, ಜೊತೆಗೆ ನಾನು. ಮುಂಜಾನೆ ಊರ ಜನ ಹಗ್ಗದ ಸುತ್ತ ಕುಕ್ಕರಗಾಲಲ್ಲಿ ಕೂತು ಬಣವೆಯ ಕಡೆಗೆ ಅಂಗೈ ಚಾಚಿ ಕಾಯಿಸಿಕೊಳ್ಳುತ್ತಿದ್ದರು. ಸಾಹೇಬರಿಗೆ ಮುಂದೆ ಜಾಗ ಬಿಟ್ಟರು. ಅವರೂ ಅಂಗೈ ಚಾಚಿದರು.

"ಉರಿ ಚಲೋ ಐತಿ," ಎಂದರು.

ಮುದುಕವ್ವ ತೋಳಪಟ್ಟಿ ಸರಿಮಾಡಿಕೊಂಡು ಎದ್ದು ಬಂದಳು. ಮುಖದಲ್ಲಿ ನಗುವಿರಲಿಲ್ಲ.

"ಸಾಹೇಬರ, ಕೋಟ ಹಿಂದ ತಗೋರಿ. ಕಿಡಿ ಹಾರತಾವು."

ಸಾಹೇಬರು ಗಡಬಡಿಸಿ ಕೋಟು ಎಳೆದುಕೊಂಡರು. ನಾನೂ ಎರಡು ಹೆಜ್ಜೆ ಹಿಂದೆ ಸರಿದೆ.